ಬೋರ್ಡು ನೋಡಿ ಕಂಪ್ಯೂಟರ್ ತಗೋ

ತಮ್ಮಾ, ದೇವದುರ್ಗದಲ್ಲಿ ಆನ್‌ಲೈನ್ ಸೆಂಟರ್ ಇಡುತ್ತೀಯೆಂದು ಕೇಳಿ ಸಂತೋಷವಾಯಿತು. ಪಹಣಿ, ಆಧಾರ್, ಪರೀಕ್ಷೆ ಅರ್ಜಿ ಅಂತ ಜನ ಕೂಲಿ ಬಿಟ್ಟು ಹಳ್ಳಿಯಿಂದ ಬರುತ್ತಾರೆ. ಅರ್ಜಿಯ ಕೊನೇ ದಿನ ನಿನ್ನ ಕಂಪ್ಯೂಟರ್ ಕೈಕೊಟ್ಟರೆ ಯಾವನೋ ಹುಡುಗನ ಒಂದು ವರ್ಷ ಹೋದಂತೆ. ಅದಕ್ಕೇ ಕೊಳ್ಳುವ ಮುಂಚೆ ಹೇಳುತ್ತಿದ್ದೇನೆ.

ಡಬ್ಬಿ ಮೇಲಿನ ಹೆಸರಿಗೆ ಮರುಳಾಗಬೇಡ. ದೊಡ್ಡ ಬ್ರ್ಯಾಂಡುಗಳ ಎಷ್ಟೋ ಮದರ್‌ಬೋರ್ಡುಗಳನ್ನು ಕ್ವಾಂಟಾ, ಕಾಂಪಾಲ್, ಫಾಕ್ಸ್‌ಕಾನ್‌ನಂಥ ತೈವಾನಿನ ಕಂಪನಿಗಳು ಮಾಡಿಕೊಡುತ್ತವೆ. ಎಷ್ಟೋ ಸಲ ವಿನ್ಯಾಸವೂ ಅವರದೇ. ಹೊರಗೆ ಮಾಡಿಸಿದ್ದೆಲ್ಲ ಕಳಪೆ ಎನ್ನಲಾರೆ. ಹೆಸರಾಂತದ್ದೂ ಕೆಡುತ್ತದೆ: ತನ್ನ ಆಪ್ಟಿಪ್ಲೆಕ್ಸ್ ಕಂಪ್ಯೂಟರುಗಳ ಬೋರ್ಡು ಕೆಟ್ಟಾಗ ಡೆಲ್ ಕಂಪನಿ ರಿಪೇರಿ, ಬದಲಿಗೆಂದೇ 2005ರಲ್ಲಿ 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಆ ಬೋರ್ಡುಗಳಲ್ಲಿ ಕೆಟ್ಟ ಕೆಪ್ಯಾಸಿಟರುಗಳು (ವೋಲ್ಟೇಜ್ ಸಮ ಇಡುವ ಪುಟ್ಟ ಬಿಡಿಭಾಗಗಳು) ಜಪಾನಿನ ಹೆಸರಾಂತ ಕಂಪನಿಯವು! ಯಾವ ದೇಶದ್ದು ಅನ್ನುವುದಕ್ಕಿಂತ ಕೆಟ್ಟಾಗ ಹೊಣೆ ಹೊರುವವರು ಯಾರು ಅನ್ನುವುದೇ ನನಗೆ ದೊಡ್ಡದು.

ಮಾನ್ವಿಯಲ್ಲಿ ಅಕ್ಕಿ ಗಿರಣಿ ಪಕ್ಕದ ಅಂಗಡಿಯೊಂದರಲ್ಲಿ ಮೇಲಿಂದ ಮೇಲೆ ಬಂದ್ ಆಗುತ್ತಿದ್ದ ಕಂಪ್ಯೂಟರ್ ಬಿಚ್ಚಿ ನೋಡಿದ್ದೆ. ಫ್ಯಾನಿನ ರೆಕ್ಕೆಗೆ ತೌಡಿನ ಧೂಳು ಮೆತ್ತಿತ್ತು. ಪ್ರೊಸೆಸರ್ ಪಕ್ಕದ ಕೆಪ್ಯಾಸಿಟರುಗಳ ತಲೆ ಪೂರಿಯಂತೆ ಉಬ್ಬಿ, ಒಂದರಿಂದ ಕಂದು ರಸ ಒಸರಿ ಬೋರ್ಡಿನ ಮೇಲೆ ಒಣಗಿತ್ತು. ಒಳಗೆ ದ್ರಾವಣವಿರುವ ಇಂಥ ಕೆಪ್ಯಾಸಿಟರಿನ ಆಯುಷ್ಯ ಬಿಸಿ 10 ಡಿಗ್ರಿ ಏರಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಮ್ಮ ರಾಯಚೂರಿನ ಬೇಸಿಗೆ 40 ದಾಟುತ್ತದೆ; ತಗಡಿನ ಕೆಳಗಿಟ್ಟ ಪೆಟ್ಟಿಗೆಯ ಒಳಗೆ ಇನ್ನೂ ಹೆಚ್ಚು. ಹಾಗಾಗಿ ದ್ರಾವಣವಿಲ್ಲದ ಘನ ಕೆಪ್ಯಾಸಿಟರ್ ಇರುವ ಬೋರ್ಡೇ ಕೇಳು. ದ್ರಾವಣದ ಹಳೇ ನಮೂನೆಯದಾದರೆ ಮೈಮೇಲೆ 85 ಅಲ್ಲ, 105 ಡಿಗ್ರಿ ಅಂತ ಅಚ್ಚಾಗಿರಬೇಕು. ಅಂಗಡಿಯವನು ಬೇಸರಪಟ್ಟರೂ ಟಾರ್ಚ್ ಹಾಕಿ ಓದು.

ನಮ್ಮ ಜಿಲ್ಲೆಯ ಶಕ್ತಿನಗರದಲ್ಲೇ ಕರೆಂಟು ಹುಟ್ಟಿದರೂ ನಮ್ಮ ಲೈನುಗಳಲ್ಲಿ ವೋಲ್ಟೇಜ್ ಏರಿಳಿತ ತಪ್ಪಿಲ್ಲ. ಮೊದಲು ಅರ್ಥಿಂಗ್ ಸರಿಮಾಡಿಸು, ಒಳ್ಳೇ ಯುಪಿಎಸ್ ಹಾಕು. ಅಗ್ಗದ ಪವರ್ ಸಪ್ಲೈ ಹಾಕಿದರೆ ಎಂಥ ಬೋರ್ಡೂ ಬಾಳುವುದಿಲ್ಲ.

ಜಿಎಸ್‌ಟಿ ಬಿಲ್ ಇಲ್ಲದೆ ದುಡ್ಡು ಕೊಡಬೇಡ. ಬಿಲ್ಲಿನಲ್ಲಿ ಬೋರ್ಡಿನ ಮಾಡೆಲ್, ಸೀರಿಯಲ್ ನಂಬರ್ ಬರೆಸು. ಕೆಟ್ಟರೆ ರಾಯಚೂರಿನಲ್ಲೇ ಸರಿಹೋಗುತ್ತದೋ, ಬೆಂಗಳೂರು ಇಲ್ಲವೆ ಹೈದರಾಬಾದಿಗೆ ಕಳಿಸಬೇಕೋ, ಎಷ್ಟು ದಿನ ಅಂತ ಮೊದಲೇ ಕೇಳು. ನೇರ ಉತ್ತರ ಕೊಡದ ಅಂಗಡಿಯಲ್ಲಿ ಎಷ್ಟೇ ಸೋವಿ ಸಿಕ್ಕರೂ ಕೊಳ್ಳಬೇಡ.