ಎಚ್.ಐ.ವಿ. ಸೋಂಕು: ಹರಡುವ ಬಗೆ, ದೇಹಕ್ಕಾಗುವ ಹಾನಿ ಮತ್ತು ಪತ್ತೆ

ಘಾಟಿಯ ಬುಡದಲ್ಲಿರುವ ಚಾರ್ಮಾಡಿ ಗ್ರಾಮವು ಕರಾವಳಿಯನ್ನು ಮಲೆನಾಡಿಗೆ ಜೋಡಿಸುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿದೆ. ಹೆದ್ದಾರಿ ಹಾಯುವ ಊರುಗಳಲ್ಲಿ ಎಚ್.ಐ.ವಿ. ಎಂದೊಡನೆ ಲಾರಿ ಚಾಲಕರತ್ತ ಬೆರಳು ತೋರಿಸುವ ರೂಢಿಯುಂಟು. ಇದರಿಂದಾಗುವ ಕೇಡು ಸಣ್ಣದಲ್ಲ. ಚಾಲಕರು ನಾಚಿಕೆಯಿಂದ ಪರೀಕ್ಷೆಗೆ ಬರುವುದಿಲ್ಲ. ಉಳಿದವರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಬರುವುದಿಲ್ಲ.

ಸೋಂಕಿತರ ರಕ್ತ, ವೀರ್ಯ, ಯೋನಿಸ್ರಾವ ಹಾಗೂ ಎದೆಹಾಲಿನಲ್ಲಿ ಈ ವೈರಾಣು ಇರುತ್ತದೆ. ಆದುದರಿಂದ ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ಸೂಜಿ ಅಥವಾ ರಕ್ತ, ಮತ್ತು ತಾಯಿಯಿಂದ ಮಗುವಿಗೆ, ಈ ಮಾರ್ಗಗಳಲ್ಲಿ ಮಾತ್ರ ಅದು ಹರಡುತ್ತದೆ. ಮಲೇರಿಯಾ, ಡೆಂಗ್ಯೂ ಜ್ವರಗಳನ್ನು ಕಂಡಿರುವ ಈ ಜಿಲ್ಲೆಯಲ್ಲಿ ಸೊಳ್ಳೆಯ ಬಗ್ಗೆ ಸಂದೇಹ ಮೂಡುವುದು ಸಹಜ. ಆದರೆ ಎಚ್.ಐ.ವಿ. ಸೊಳ್ಳೆಯ ದೇಹದಲ್ಲಿ ವೃದ್ಧಿಯಾಗದು. ಕಚ್ಚುವಾಗ ಸೊಳ್ಳೆಯು ತನ್ನ ಜೊಲ್ಲನ್ನು ಚುಚ್ಚುತ್ತದೆಯೇ ಹೊರತು ಹಿಂದೆ ಹೀರಿದ ರಕ್ತವನ್ನಲ್ಲ.

ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಮುನ್ನಡೆಸುವ ಸಿ.ಡಿ.4 ಕೋಶಗಳೊಳಗೆ ಸೇರಿ ವೈರಾಣು ಅವುಗಳನ್ನು ನಾಶಪಡಿಸುತ್ತದೆ. ಆರೋಗ್ಯವಂತರ ಪ್ರತಿ ಘನ ಮಿ.ಮೀ. ರಕ್ತದಲ್ಲಿ ಸಾಮಾನ್ಯವಾಗಿ 500ಕ್ಕೂ ಹೆಚ್ಚು ಸಿ.ಡಿ.4 ಕೋಶಗಳಿರುತ್ತವೆ. ಅದು 200ಕ್ಕಿಂತ ಕೆಳಗಿಳಿದ ಹಂತವೇ ಏಡ್ಸ್. ಆಗ ಕ್ಷಯದಂತಹ ರೋಗಗಳು ಸುಲಭವಾಗಿ ಎರಗುತ್ತವೆ. ಈ ಇಳಿಕೆಗೆ ಹಲವು ವರ್ಷಗಳೇ ಹಿಡಿಯಬಹುದು. ಅಷ್ಟು ಕಾಲವೂ ವ್ಯಕ್ತಿ ಆರೋಗ್ಯವಂತನಂತೆಯೇ ಕಾಣುವನು. ಮುಖ ನೋಡಿ ಸೋಂಕನ್ನು ಹೇಳಲು ಯಾರಿಗೂ ಸಾಧ್ಯವಿಲ್ಲ.

ಸರ್ಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಆಪ್ತ ಸಮಾಲೋಚನೆಯೊಂದಿಗೆ ಉಚಿತ ಪರೀಕ್ಷೆ ನಡೆಯುತ್ತದೆ. ಮೊದಲ ಪರೀಕ್ಷೆಯಲ್ಲಿ ಸೋಂಕು ತೋರಿದ ಮಾತ್ರಕ್ಕೆ ಫಲಿತಾಂಶ ನೀಡುವುದಿಲ್ಲ; ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ದೃಢಪಟ್ಟ ನಂತರವೇ ಸೋಂಕಿದೆಯೆಂದು ತಿಳಿಸಲಾಗುತ್ತದೆ. ಈ ಪರೀಕ್ಷೆಗಳು ಪತ್ತೆಹಚ್ಚುವುದು ಮುಖ್ಯವಾಗಿ ಪ್ರತಿಕಾಯಗಳನ್ನು. ಅವು ರೂಪುಗೊಳ್ಳಲು ಕೆಲವು ವಾರಗಳು ಬೇಕಾಗುವುದರಿಂದ, ಸಂಪರ್ಕವಾದ ಮರುದಿನವೇ ಬಂದ 'ಸೋಂಕಿಲ್ಲ' ಎಂಬ ವರದಿಯನ್ನು ನಂಬಿ ಕೂರಬಾರದು. ಮೂರು ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಶಿಶುವಿನಲ್ಲಿ ತಾಯಿಯ ಪ್ರತಿಕಾಯಗಳು 18 ತಿಂಗಳವರೆಗೂ ಉಳಿಯಬಹುದು. ಹೀಗಾಗಿ ಸೋಂಕಿತ ತಾಯಿಯ ಮಗುವಿಗೆ ಆರನೇ ವಾರದಲ್ಲಿ ವೈರಾಣುವನ್ನೇ ನೇರವಾಗಿ ಗುರುತಿಸುವ ಪ್ರತ್ಯೇಕ ಪರೀಕ್ಷೆ ಮಾಡಲಾಗುತ್ತದೆ. ಗರ್ಭಿಣಿಯರು ಮೊದಲ ತಪಾಸಣೆಯಲ್ಲೇ ಪರೀಕ್ಷಿಸಿಕೊಂಡು, ಸೋಂಕಿದ್ದಲ್ಲಿ ಔಷಧ ಆರಂಭಿಸಿದರೆ ಮಗುವಿಗೆ ಹರಡುವ ಸಾಧ್ಯತೆ ಶೇ. 5ಕ್ಕಿಂತ ಕೆಳಗಿಳಿಯುತ್ತದೆ.

2017ರಿಂದ ಸಿ.ಡಿ.4 ಸಂಖ್ಯೆ ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಎ.ಆರ್.ಟಿ. ಔಷಧ ಉಚಿತವಾಗಿ ದೊರೆಯುತ್ತಿದೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಎ.ಆರ್.ಟಿ. ಕೇಂದ್ರವಿದೆ. ಸೋಂಕಿತರ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಹಿರಂಗಪಡಿಸುವುದನ್ನು 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ ನಿಷೇಧಿಸಿದೆ. ಮಾಹಿತಿಗೆ ಉಚಿತ ಸಹಾಯವಾಣಿ: 1097.