ಹಾಲಿನ ಕ್ಯಾನು, ಸೈಕಲ್ಲು ಮತ್ತು ಹೆದ್ದಾರಿ



ಮೋಟಾರ್ ಸೈಕಲ್‌ಗಳು ಹೆಚ್ಚಿದ್ದರೂ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಸೈಕಲ್ಲಿನ ಮೇಲೆ ಡೇರಿಗೆ ಹಾಲು ತರುವ ಹಿರಿಯರು ಇದ್ದಾರೆ, ಶಾಲೆಗೆ ಹೋಗುವ ಮೊದಲು ಹಾಲು ಹಾಕಿ ಬರುವ ಮಕ್ಕಳೂ ಇದ್ದಾರೆ. ಊರೊಳಗಿನ ದಾರಿಯಲ್ಲಿ ಭಯವಿಲ್ಲ. ಆದರೆ ಹಿರಿಯೂರಿನಿಂದ ಚಳ್ಳಕೆರೆ, ತಳಕು, ಹಾನಗಲ್, ರಾಂಪುರದ ಮೇಲೆ ಬಳ್ಳಾರಿಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯನ್ನು ಹತ್ತಬೇಕಾದವರು ಈ ಪಾಠವನ್ನು ಗಮನವಿಟ್ಟು ಓದಬೇಕು.

ಹಾಲು ಹಾಕುವ ಹೊತ್ತೇ ಮೊದಲ ತೊಂದರೆ. ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು 6-45ರ ಸುಮಾರಿಗೆ. ಅಷ್ಟರೊಳಗೆ ನಾವು ಕರೆದು, ಕ್ಯಾನು ಕಟ್ಟಿ, ದಾರಿಯಲ್ಲಿರುತ್ತೇವೆ. ಚಳಿಗೆ ಹೊದೆಯುವುದು ಕಪ್ಪು ಕಂಬಳಿ. ಚಳ್ಳಕೆರೆ ಕಂಬಳಿಯ ಬೆಚ್ಚಗಿನ ಗುಣಕ್ಕೆ ಎರಡು ಮಾತಿಲ್ಲ, ಆದರೆ ಕತ್ತಲಲ್ಲಿ ಅದನ್ನು ಹೊದ್ದವನು ಕತ್ತಲೆಯೊಂದಿಗೇ ಸೇರಿಹೋಗುತ್ತಾನೆ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬರುತ್ತದೆ. ಚಾಲಕ ನಿಮ್ಮನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವುದಕ್ಕೇ ಒಂದು ಸೆಕೆಂಡು ಬೇಕು, ಆಮೇಲೆ ಗಾಡಿ ನಿಲ್ಲಲು ಇನ್ನೂ 20 ಮೀಟರಿಗಿಂತ ಹೆಚ್ಚು ಬೇಕು. ಡಿಪ್ ಮಾಡಿದ ದೀಪದಲ್ಲಿ ಕಪ್ಪು ಬಟ್ಟೆಯವನು ಕಣ್ಣಿಗೆ ಬೀಳುವುದು ಮೂವತ್ತು ಮೀಟರ್ ಆಸುಪಾಸಿನಲ್ಲಿ. ಲೆಕ್ಕ ನೀವೇ ಹಾಕಿ ನೋಡಿ. ಚಾಲಕ ಎಷ್ಟೇ ಒಳ್ಳೆಯವನಾದರೂ ಅಲ್ಲಿ ಗಾಡಿ ನಿಲ್ಲಿಸಲಾರ.

ಅದೇ ಕೆಂಪು ರಿಫ್ಲೆಕ್ಟರ್ ಇದ್ದರೆ ನೂರು ಮೀಟರಿಗಿಂತ ದೂರದಿಂದಲೇ ಹೊಳೆಯುತ್ತದೆ. 'ನಮ್ಮ ಸೈಕಲ್ಲಿಗೆ ಇದೆಯಲ್ಲ' ಎನ್ನುವಿರಿ. ಇದೆ, ಆದರೆ ಹಿಂದಿನ ಮಡ್‌ಗಾರ್ಡಿನ ಮೇಲಿದೆ, ಕ್ಯಾರಿಯರ್ ಪಕ್ಕಕ್ಕೆ ತೂಗಿಬಿಟ್ಟ ಕ್ಯಾನುಗಳ ಮತ್ತು ಮೇಲೆ ಕಟ್ಟಿದ ಹಿಂಡಿ ಚೀಲದ ಮರೆಯಲ್ಲಿ. ಇಂದೇ ಕ್ಯಾನು ಹೇರಿದ ಸೈಕಲ್ಲನ್ನು ಕತ್ತಲಲ್ಲಿ ನಿಲ್ಲಿಸಿ, ಇಪ್ಪತ್ತು ಹೆಜ್ಜೆ ಹಿಂದೆ ನಿಂತು ಬ್ಯಾಟರಿ ಬಿಟ್ಟು ನೋಡಿ. ಹೊಳೆಯದಿದ್ದರೆ ಕ್ಯಾನು ತೂಗುಹಾಕುವ ಕಬ್ಬಿಣದ ಚೌಕಟ್ಟಿನ ಹಿಂಬದಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ. ಕ್ಯಾನಿಗೆ ಅಂಟಿಸಿದರೆ ತೊಳೆದು ಉಜ್ಜುವಾಗ ಕಿತ್ತುಹೋಗುತ್ತದೆ. ಪೆಡಲಿನ ಹಿಂದೆಯೂ ಒಂದೊಂದು ತುಂಡು ಇರಲಿ. ಮೇಲೆ ಕೆಳಗೆ ಆಡುವ ಹೊಳಪು ಬೇಗ ಕಣ್ಣು ಸೆಳೆಯುತ್ತದೆ. ಡೈನಮೋ ದೀಪವನ್ನೇ ನಂಬಿದವರು ಗಮನಿಸಿ, ಸೈಕಲ್ಲು ನಿಂತರೆ ಆ ದೀಪವೂ ಆರುತ್ತದೆ. ಕಂಬಳಿಯ ಮೇಲೆ ಒಂದು ಬಿಳಿ ಟವೆಲ್ ಅಡ್ಡ ಕಟ್ಟಿಕೊಂಡರೂ ಎಷ್ಟೋ ವಾಸಿ.

ಇನ್ನು ಭಾರದ ವಿಷಯ. 20 ಲೀಟರ್ ಹಾಲೆಂದರೆ ಇಪ್ಪತ್ತೂವರೆ ಕಿಲೋ, ಕ್ಯಾನಿನ ತೂಕ ಬೇರೆ. ಒಂದೇ ಪಕ್ಕಕ್ಕೆ ತೂಗಿದರೆ ಹ್ಯಾಂಡಲ್ ಎಳೆಯುತ್ತದೆ. ಎರಡು ಪಕ್ಕಕ್ಕೂ ಸಮನಾಗಿ ಹಂಚಿ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕಾಡಿ ತಿರುವಿನಲ್ಲಿ ಸೈಕಲ್ಲನ್ನು ಅಲ್ಲಾಡಿಸುತ್ತದೆ. ಭಾರವಿದ್ದಾಗ ನಿಲ್ಲಲು ಹೆಚ್ಚು ದೂರ ಬೇಕು, ಆದ್ದರಿಂದ ಹಿಂದಿನ ಬ್ರೇಕ್ ಮೊದಲು ಹಿಡಿದು, ಮುಂದಿನದನ್ನು ಮೆಲ್ಲಗೆ ಸೇರಿಸಿ. ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಈಗಲೂ ಕೆಲವು ಮನೆಗಳಲ್ಲಿ ಓಡುತ್ತಿವೆ. ಅವುಗಳ ಬ್ರೇಕ್ ರಬ್ಬರ್ ಸವೆದಿದೆಯೇ ಎಂದು ಮಕ್ಕಳ ಕೈಗೆ ಕ್ಯಾನು ಕೊಡುವ ಮುನ್ನ ದೊಡ್ಡವರು ನೋಡಬೇಕು. ಆಷಾಢದ ಗಾಳಿಯಲ್ಲಿ ಮೇವಿನ ಹೊರೆ ಹೇರಿಕೊಂಡು ಸೈಕಲ್ ತುಳಿಯಲೇಬೇಡಿ, ತಳ್ಳಿಕೊಂಡು ಬನ್ನಿ.

ಸೈಕಲ್ಲಿನವರು ಎಡಗಡೆಯಲ್ಲೇ ಹೋಗಬೇಕು. ಎದುರು ಬರುವ ವಾಹನ ಕಾಣಲೆಂದು ಬಲಗಡೆ ಹೋಗುವುದು ನಡೆಯುವವರಿಗೆ ಸರಿ, ಸೈಕಲ್ಲಿಗಲ್ಲ. ಸಂಘದ ಕಟ್ಟಡ ಹೆದ್ದಾರಿಯ ಆಚೆಗಿದ್ದರೆ ತುಳಿಯುತ್ತಲೇ ಬಲಕ್ಕೆ ತಿರುಗಬೇಡಿ. ಎಡಕ್ಕೆ ಇಳಿದು ನಿಂತು, ಎರಡೂ ಕಡೆ ನೋಡಿ, ತಳ್ಳಿಕೊಂಡು ದಾಟಿ. ಹೊತ್ತಾಯಿತೆಂಬ ಅವಸರವೇ ಇಲ್ಲಿ ಶತ್ರು. ಸಂಘದ ಕಾರ್ಯದರ್ಶಿಗಳು ಐದು ನಿಮಿಷ ತಡವಾದ ಹಾಲನ್ನೂ ತೆಗೆದುಕೊಂಡರೆ ಈ ಅವಸರ ಅರ್ಧ ಕಡಿಮೆಯಾದೀತೆಂದು ನನ್ನ ಅನಿಸಿಕೆ. ಆಡಳಿತ ಮಂಡಳಿಗಳು ಯೋಚಿಸಲಿ.

ಸುಗ್ಗಿಯಲ್ಲಿ ನಾವೇ ಮಾಡುವ ತಪ್ಪೊಂದಿದೆ. ಹುರುಳಿ, ತೊಗರಿಯನ್ನು ರಸ್ತೆಯ ಮೇಲೆ ಹರಡಿ ಒಕ್ಕುತ್ತೇವೆ, ಸುತ್ತ ಕಲ್ಲಿಡುತ್ತೇವೆ, ಕಾಳು ತುಂಬಿಕೊಂಡ ಮೇಲೆ ಕಲ್ಲು ಅಲ್ಲೇ ಉಳಿಯುತ್ತದೆ. ಮರುದಿನ ನಸುಕಿನಲ್ಲಿ ಅದಕ್ಕೆ ಸಿಕ್ಕುವವನು ನಮ್ಮೂರಿನ ಹಾಲಿನವನೇ.

ಅಪಘಾತವಾದರೆ ಮೊದಲು 108ಕ್ಕೆ ಕರೆ ಮಾಡಿ. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಪ್ರಜ್ಞೆ ಇಲ್ಲದವರಿಗೆ ನೀರು ಕುಡಿಸಬೇಡಿ, ಕುತ್ತಿಗೆ ಅಲುಗಾಡಿಸಬೇಡಿ. ಪೊಲೀಸರ ಭಯದಿಂದ ದೂರ ನಿಲ್ಲಬೇಕಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳುವಂತೆ ಅವರನ್ನು ಬಲವಂತ ಮಾಡುವಂತಿಲ್ಲ. ವಾಹನದ ನಂಬರು ಸಿಕ್ಕರೆ ಬರೆದಿಡಿ. ಗುದ್ದಿದ ವಾಹನ ಯಾವುದೆಂದು ಪತ್ತೆಯೇ ಆಗದಿದ್ದರೂ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಠಾಣೆಯಲ್ಲಿ ದೂರು ದಾಖಲಿಸಿ ಎಫ್‌ಐಆರ್ ಪ್ರತಿ ಪಡೆಯಿರಿ, ಆಸ್ಪತ್ರೆಯ ಕಾಗದಗಳನ್ನು ಜೋಪಾನವಾಗಿಡಿ, ಅರ್ಜಿಯ ಬಗ್ಗೆ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ.