ಬಗ್ಗಿ ದುಡಿಯುವ ಮೈಗೆ ಯೋಗಾಭ್ಯಾಸ

ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಶಹಾಪುರ ಮತ್ತು ಸುರಪುರ ತಾಲೂಕುಗಳ ಬೇಸಾಯದ ರೀತಿಯೇ ಬದಲಾಯಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಬೆಳೆಯೊಂದಿಗೆ ಮೈಮೇಲೆ ಬೀಳುವ ದುಡಿಮೆಯೂ ಬದಲಾಯಿತು. ನಾಟಿ ಹಚ್ಚುವವರು ಮುಂಜಾನೆಯಿಂದ ಸಂಜೆಯವರೆಗೆ ಕೆಸರಿನಲ್ಲಿ ಬಗ್ಗಿಯೇ ಇರಬೇಕು. ಹತ್ತಿ ಬಿಡಿಸುವವರ ಕುತ್ತಿಗೆ, ಹೆಗಲುಗಳಿಗೆ ಬಿಡುವಿಲ್ಲ. 16 ಲೀಟರಿನ ಸಿಂಪರಣಾ ಪಂಪನ್ನು ಬೆನ್ನಿಗೇರಿಸಿದರೆ ನೀರಿನ ಭಾರವೇ 16 ಕಿಲೋ. ಯಾದಗಿರಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಕಳೆ ತೆಗೆಯುವಾಗ, ತೊಗರಿ ಕೊಯ್ಯುವಾಗ ಕೂಡ ಬಾಗುವುದು ತಪ್ಪದು. ಆದುದರಿಂದಲೇ ನಡನೋವಿಲ್ಲದ ಮನೆ ನಮ್ಮಲ್ಲಿ ಸಿಗುವುದು ಕಷ್ಟ.

"ದಿನವಿಡೀ ದುಡಿಯುವವರಿಗೆ ಯೋಗ ಯಾಕೆ? ಅದು ಕುಳಿತು ಉಣ್ಣುವವರಿಗೆ" ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ.

ದುಡಿಮೆ ಬೇರೆ, ಯೋಗ ಬೇರೆ

ಹೊಲದ ಕೆಲಸ ದೇಹವನ್ನು ಒಂದೇ ದಿಕ್ಕಿಗೆ, ಅಂದರೆ ಮುಂದಕ್ಕೆ ಬಗ್ಗಿಸುತ್ತದೆ. ಗಂಟೆಗಟ್ಟಲೆ ಹಾಗಿದ್ದಾಗ ಬೆನ್ನಿನ ಸ್ನಾಯುಗಳು ಎಳೆದಂತಾಗಿ ದಣಿಯುತ್ತವೆ, ಬೆನ್ನುಮೂಳೆಯ ನಡುವಿನ ಮೆತ್ತೆಗಳ ಮೇಲೆ ಒತ್ತಡ ಬೀಳುತ್ತದೆ. ಯೋಗಾಸನವು ಅದೇ ಬೆನ್ನನ್ನು ನಿಧಾನವಾಗಿ, ಉಸಿರಿನೊಡನೆ, ವಿರುದ್ಧ ದಿಕ್ಕಿಗೆ ತರುತ್ತದೆ. ಎತ್ತಿನ ನೊಗವನ್ನು ಸಂಜೆ ಇಳಿಸುವ ನಾವು ನಮ್ಮ ಬೆನ್ನಿನ ನೊಗವನ್ನು ಇಳಿಸುವುದೇ ಇಲ್ಲ.

ಬಹುದಿನಗಳ ನಡನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಯೋಗವೂ ಒಂದೆಂದು ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ ತನ್ನ ಮಾರ್ಗದರ್ಶಿಯಲ್ಲಿ ಸೇರಿಸಿತು. ಪ್ರಯೋಜನ ಪವಾಡದಂಥದಲ್ಲ, ವಾರಗಟ್ಟಲೆ ಬಿಡದೆ ಮಾಡಿದವರಿಗೆ ನೋವು ಸ್ವಲ್ಪ ಇಳಿದು, ಕೆಲಸ ಮಾಡುವ ಶಕ್ತಿ ಹೆಚ್ಚುತ್ತದೆ. ಆದರೆ ನಮ್ಮಲ್ಲಿ ನಡೆಯುತ್ತಿರುವುದೇನು? ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿ ಮತ್ತೆ ಗದ್ದೆಗಿಳಿಯುವುದು. ಬಿಸಿಲಿನಲ್ಲಿ ಬೆವರಿ, ನೀರು ಕಡಿಮೆ ಕುಡಿದು, ದಿನವೂ ಇಂಥ ಗುಳಿಗೆ ತೆಗೆದುಕೊಂಡರೆ ಮೂತ್ರಪಿಂಡಗಳು ಕೆಡುವ ಅಪಾಯವಿದೆ.

ಅಭ್ಯಾಸದ ಕ್ರಮ

ನಾಟಿಯೂ ಹತ್ತಿ ಬಿಡಿಸುವುದೂ ಬಹುಪಾಲು ಹೆಣ್ಣುಮಕ್ಕಳ ಕೆಲಸ. ಕತ್ತಲಿದ್ದಾಗಲೇ ಎದ್ದು ರೊಟ್ಟಿ ಬಡಿಯುವವರಿಗೆ ಒಂದು ತಾಸು ಯೋಗ ಮಾಡಿರೆಂದು ಹೇಳುವುದು ವ್ಯರ್ಥ. ಹದಿನೈದು ನಿಮಿಷ ಸಾಕು. ಆ ಹದಿನೈದು ನಿಮಿಷ ಒಲೆಯ ಮುಂದೆ ಬೇರೆ ಯಾರಾದರೂ ಕೂರಬೇಕು, ಅಷ್ಟೆ! ಹೊಟ್ಟೆ ಖಾಲಿಯಿರಬೇಕು, ಊಟವಾಗಿ ಮೂರು ನಾಲ್ಕು ತಾಸು ಕಳೆದಿರಬೇಕು. ಚಾಪೆಯಿಲ್ಲದಿದ್ದರೆ ಮಡಿಸಿದ ಕೌದಿ ಸಾಕು.

ಮೊದಲು ಅರ್ಧಚಕ್ರಾಸನ. ಪಾದಗಳನ್ನು ತುಸು ಅಗಲಿಸಿ ನೇರವಾಗಿ ನಿಂತು, ಅಂಗೈಗಳಿಂದ ನಡುವಿಗೆ ಆಧಾರ ಕೊಟ್ಟು, ಉಸಿರು ತೆಗೆದುಕೊಳ್ಳುತ್ತಾ ಹಿಂದಕ್ಕೆ ಬಾಗಬೇಕು. ಕುತ್ತಿಗೆಯನ್ನು ಹಿಂದಕ್ಕೆ ಜೋರಾಗಿ ಚೆಲ್ಲಬಾರದು. ಇದನ್ನು ತುಸುವೇ ಬಾಗಿ ನಾಟಿಯ ನಡುವೆ ಬದುವಿನ ಮೇಲೆ ನಿಂತೂ ಮಾಡಬಹುದು. ತಾಸಿಗೊಮ್ಮೆ ಎರಡು ಸಲ ಮಾಡಿದರೆ ಸಂಜೆಯ ಬಿಗಿತ ಕಡಿಮೆಯಾಗುವುದನ್ನು ನೀವೇ ಕಾಣುವಿರಿ. ಆನಂತರ ಭುಜಂಗಾಸನ: ಬೋರಲು ಮಲಗಿ, ಅಂಗೈಗಳನ್ನು ಎದೆಯ ಪಕ್ಕದಲ್ಲಿ ಊರಿ, ಹೊಕ್ಕಳು ನೆಲಕ್ಕಿರುವಂತೆ ಎದೆಯನ್ನು ಮೇಲೆತ್ತಿ ಮೂರು ನಾಲ್ಕು ಉಸಿರು ನಿಂತು ಇಳಿಯಬೇಕು. ಮೂರು ಸಲ ಸಾಕು. ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಹೊಟ್ಟೆಗೆ ತಬ್ಬಿಕೊಳ್ಳುವ ಪವನಮುಕ್ತಾಸನದಿಂದ ನಡು ಸಡಿಲವಾಗುತ್ತದೆ.

ಕೊನೆಗೆ ಶವಾಸನ. ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದನ್ನು ನೀವು ಬಲ್ಲಿರಿ. ಹಾಗೆ ಅಲುಗದೆ ಐದು ನಿಮಿಷ ಮಲಗುವುದು ನೋಡಲು ಸುಲಭ, ಮಾಡಲು ಕಠಿಣ.

ಮನಸ್ಸಿನ ಭಾರ

ಮಳೆ ಕೈಕೊಡುವುದು, ಹತ್ತಿಯ ದರ ಇಳಿಯುವುದು, ಸಾಲದ ಕಂತು, ಇವು ರಾತ್ರಿಯ ನಿದ್ರೆಯನ್ನು ತಿನ್ನುತ್ತವೆ. ಯೋಗ ಸಾಲ ತೀರಿಸದು. ಆದರೆ ನಿಧಾನವಾದ ಉಸಿರಾಟ ಎದೆಬಡಿತವನ್ನು ತಗ್ಗಿಸಿ ಮೈಯ ಬಿಗುವನ್ನು ಸಡಿಲಿಸುತ್ತದೆ. ನಿದ್ದೆ ಬಂದವನ ಬುದ್ಧಿ ಮರುದಿನ ಲೆಕ್ಕ ಹಾಕಲು ಚುರುಕಾಗಿರುತ್ತದೆ. ಬೆನ್ನು ನೇರವಾಗಿಸಿ ಕುಳಿತು ನಾಲ್ಕು ಎಣಿಸುವಷ್ಟು ಕಾಲ ಉಸಿರೆಳೆದು, ಆರು ಎಣಿಸುವಷ್ಟು ಕಾಲ ಬಿಡಬೇಕು. ಹೀಗೆ ಐದು ನಿಮಿಷ. ಉಸಿರು ಕಟ್ಟಿ ಹಿಡಿಯುವುದು ಬೇಡ. ನೆಲದ ಮೇಲೆ ಕೂರಲಾಗದವರು ಕಟ್ಟೆಯ ಮೇಲೆ ಕೂರಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಖಿನ್ನತೆಯ ಚಿಕಿತ್ಸೆಯ ಜೊತೆಗೆ ಯೋಗವನ್ನೂ ಬಳಸಿ ಅಧ್ಯಯನ ಮಾಡಲಾಗಿದೆ. 'ಜೊತೆಗೆ' ಎಂಬ ಮಾತನ್ನು ಗಮನಿಸಿರಿ: ವೈದ್ಯರು ಕೊಟ್ಟ ಔಷಧಿಯನ್ನು ಯೋಗದ ಹೆಸರಿನಲ್ಲಿ ನಿಲ್ಲಿಸಬಾರದು. ಬದುಕೇ ಬೇಡವೆಂಬ ಯೋಚನೆ ನಿಮಗೋ ಮನೆಯವರಿಗೋ ಬಂದರೆ ಆಸನಕ್ಕೆ ಕಾಯದೆ 14416ಕ್ಕೆ ಕರೆ ಮಾಡಿರಿ. ಅದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ. ಹಗಲುರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಎಚ್ಚರಿಕೆಗಳು

ಔಷಧಿ ಸಿಂಪಡಿಸಿ ಬಂದವರು ಸ್ನಾನ ಮಾಡಿ, ಬಟ್ಟೆ ಬದಲಿಸದೆ ಯೋಗಕ್ಕೆ ಕೂರಬಾರದು. ಕೀಟನಾಶಕ ಇಟ್ಟ ಕೋಣೆಯಲ್ಲಿ ದೀರ್ಘವಾಗಿ ಉಸಿರೆಳೆಯುವುದಂತೂ ಕೂಡದು. ಸಿಂಪರಣೆಯ ನಂತರ ತಲೆಸುತ್ತು, ಕಣ್ಣು ಮಂಜು, ಅತಿ ಬೆವರು, ಬಾಯಲ್ಲಿ ಜೊಲ್ಲು ಕಂಡರೆ ಅದು ದಣಿವಲ್ಲ, ವಿಷಬಾಧೆ. ಡಬ್ಬಿಯ ಚೀಟಿಯೊಡನೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು, ಹರ್ನಿಯ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ಭುಜಂಗಾಸನ ಮಾಡಬಾರದು. ರಕ್ತದೊತ್ತಡವಿದ್ದವರು ವೈದ್ಯರನ್ನು ಕೇಳಿ ಆರಂಭಿಸಬೇಕು. ನಡನೋವು ಕಾಲಿಗಿಳಿದು ಜೋಮು ಹಿಡಿದರೆ ಆಸನ ನಿಲ್ಲಿಸಿ ವೈದ್ಯರಿಗೆ ತೋರಿಸಿರಿ. ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ತಡಮಾಡಬಾರದು.

2015ರಿಂದ ಜೂನ್ 21ರಂದು ಯೋಗ ದಿನ ಆಚರಿಸಲಾಗುತ್ತಿದೆ. ನಮ್ಮ ಭಾಗದಲ್ಲಿ ಅದು ಮುಂಗಾರಿ ಬಿತ್ತನೆಯ ಗಡಿಬಿಡಿಯ ಕಾಲ. ಹೊಸದಾಗಿ ಕಲಿಯುವವರು ಆ ದಿನವನ್ನು ಕಾಯದೆ, ಹೊಲ ಖಾಲಿಯಿರುವ ಬೇಸಿಗೆಯಲ್ಲಿ ಬಲ್ಲವರ ಎದುರಿಗೆ ಕಲಿತುಕೊಂಡರೆ ನಾಟಿಯ ಹೊತ್ತಿಗೆ ಮೈ ಒಗ್ಗಿರುತ್ತದೆ.